ದೆಹಲಿಯ ಗಾಳಿ, ನಮ್ಮ ಮಾರುತಿ

ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳೂ ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳೂ ದೆಹಲಿ ಮತ್ತು ಅದರ ಸುತ್ತಣ ರಾಜಧಾನಿ ವಲಯದಲ್ಲಿ ಸಂಚರಿಸಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಮೊದಲೇ ವಿಧಿಸಿದ್ದ ನಿಯಮವನ್ನು, 2018ರ ಅಕ್ಟೋಬರ್ 29ರಂದು ಸರ್ವೋಚ್ಚ ನ್ಯಾಯಾಲಯವು ಕಟ್ಟುನಿಟ್ಟಾಗಿ ಜಾರಿಗೆ ತರಬೇಕೆಂದು ಆಜ್ಞಾಪಿಸಿದಾಗ, 2003ರಲ್ಲಿ ನಾವು ಕೊಂಡಿದ್ದ ಮಾರುತಿ 800ರ ಆಯುಸ್ಸು ಕಾನೂನಿನ ಲೆಕ್ಕದಲ್ಲಿ ಮುಗಿದುಹೋಗಿತ್ತು. ಬೇರೆ ಊರುಗಳಲ್ಲಾದರೆ ಹದಿನೈದು ವರ್ಷ ತುಂಬಿದ ಕಾರನ್ನು ಪರೀಕ್ಷೆಗೊಡ್ಡಿ ಐದೈದು ವರ್ಷಕ್ಕೆ ನೋಂದಣಿಯನ್ನು ನವೀಕರಿಸಿಕೊಳ್ಳಬಹುದು. ದೆಹಲಿಯಲ್ಲಿ ಆ ಬಾಗಿಲು ಮುಚ್ಚಿತ್ತು.

ಮೂರು ಸಿಲಿಂಡರುಗಳ, 796 ಸಿಸಿಯ ಆ ಪುಟ್ಟ ಯಂತ್ರದಲ್ಲಿ ಅಷ್ಟು ಮಮತೆ ಬೆಳೆಯತಕ್ಕದ್ದೇನಿತ್ತೆಂದು ಕೇಳುವವರಿಗೆ, ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದ ಬಂಧುಗಳನ್ನು ಅವರ ತೆಂಗಿನಕಾಯಿ, ಕಾಫಿಪುಡಿ, ಹಪ್ಪಳದ ಗಂಟುಗಳ ಸಮೇತ ತನ್ನೊಳಗೆ ತುಂಬಿಕೊಂಡು ಬರುತ್ತಿದ್ದ ಅದರ ಔದಾರ್ಯವನ್ನೂ, ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘದಲ್ಲಿ ನಾಟಕ ನೋಡಿ ಚಳಿಗಾಲದ ನಡುರಾತ್ರಿ ಹೊರಬಂದಾಗ ಮೊದಲ ತಿರುವಿಗೇ ಹೊತ್ತಿಕೊಳ್ಳುತ್ತಿದ್ದ ಅದರ ನಿಷ್ಠೆಯನ್ನೂ ನಾನು ಹೇಳಬೇಕಾಗುತ್ತದೆ. ಗೇರಿನ ಹಿಡಿಯ ಮೇಲಿದ್ದ ಅಂಕಿಗಳು ಅಂಗೈಯ ಸವೆತಕ್ಕೆ ಅಳಿಸಿಹೋಗಿದ್ದವು. ಎಂಜಿನ್ ನಿಂತಲ್ಲೇ ತಿರುಗುತ್ತಿರುವಾಗ ಆ ಹಿಡಿ ಸಣ್ಣಗೆ ಕಂಪಿಸುತ್ತಿದ್ದ ಬಗೆಯಿಂದಲೇ ಅದರ ಆರೋಗ್ಯವನ್ನು ನನ್ನ ಪತ್ನಿ ಹೇಳಿಬಿಡುತ್ತಿದ್ದಳು. 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರು ಮೊದಲ ಗ್ರಾಹಕರ ಕೈಗೆ ಕೀಲಿಕೈ ಕೊಟ್ಟಂದಿನಿಂದ ನಮ್ಮಂಥ ಅಸಂಖ್ಯಾತ ಮಧ್ಯಮ ವರ್ಗದ ಸಂಸಾರಗಳಿಗೆ ಸ್ವಂತ ವಾಹನವೆಂಬ ಭಾಗ್ಯವನ್ನು ಮೊದಲು ಕಾಣಿಸಿದ ಕಾರಲ್ಲವೆ ಅದು!

ನಿಯಮವು ಹೊಗೆಯನ್ನು ಅಳೆಯದೆ ವಯಸ್ಸನ್ನು ಎಣಿಸುತ್ತದೆಂಬುದು ನನ್ನ ಮೊದಲ ಆಕ್ಷೇಪವಾಗಿತ್ತು. ಹೊಗೆ ತಪಾಸಣೆಯ ಪ್ರಮಾಣಪತ್ರ ನಮ್ಮಲ್ಲಿ ಯಾವಾಗಲೂ ಶುದ್ಧವಾಗಿಯೇ ಇತ್ತು. ಆದರೆ ಆ ತಪಾಸಣೆ ನಿಂತ ಕಾರಿನ ಇಂಗಾಲದ ಮಾನಾಕ್ಸೈಡನ್ನೂ ಹೈಡ್ರೋಕಾರ್ಬನ್ನುಗಳನ್ನೂ ಅಳೆಯುತ್ತದೆಯೇ ಹೊರತು ಓಡುವ ಕಾರು ಉಗುಳುವ ಸಾರಜನಕದ ಆಕ್ಸೈಡುಗಳನ್ನು ಮುಟ್ಟುವುದಿಲ್ಲ. ವಿಷಾನಿಲವನ್ನು ಶೋಧಿಸಬೇಕಾದ ಕೆಟಲಿಟಿಕ್ ಕನ್ವರ್ಟರ್, ಅದರ ಜೇನುಗೂಡಿಗೆ ಲೇಪಿಸಿದ ಪ್ಲಾಟಿನಂ, ಪಲ್ಲೇಡಿಯಂ ಮೊದಲಾದ ಲೋಹಗಳ ಶಕ್ತಿ ಉಡುಗಿದಂತೆಲ್ಲ, ಹೊರಗೆ ಯಾವ ಚಿಹ್ನೆಯನ್ನೂ ತೋರದೆ ಮುಪ್ಪಾಗುತ್ತದೆ. ಇದನ್ನು ತಿಳಿದ ಮೇಲೆ ನನ್ನ ಆಕ್ಷೇಪ ಪೂರ್ತಿ ನಿಲ್ಲಲಿಲ್ಲ, ಪೂರ್ತಿ ಬಿದ್ದೂ ಹೋಗಲಿಲ್ಲ. ಒಳ್ಳೆಯ ಉಪಕರಣಗಳಿಂದ ಪ್ರತಿಯೊಂದು ವಾಹನದ ಉಸಿರನ್ನೂ ಪರೀಕ್ಷಿಸುವುದೇ ನ್ಯಾಯವೆಂದು ಇಂದಿಗೂ ನಂಬಿದ್ದೇನೆ. ಆದರೆ ಕಾರ್ತಿಕ ಮಾಸದ ದೆಹಲಿಯಲ್ಲಿ, ಗದ್ದೆಯ ಕೂಳೆ ಸುಟ್ಟ ಹೊಗೆಯೂ ವಾಹನಗಳ ಹೊಗೆಯೂ ಗಾಳಿಯಿಲ್ಲದ ಆಕಾಶದ ಕೆಳಗೆ ಕೂಡಿ ಹೆಪ್ಪುಗಟ್ಟಿ, ಶಾಲೆಗೆ ಹೊರಟ ಮಕ್ಕಳು ಕೆಮ್ಮುತ್ತ ಬಸ್ಸು ಹತ್ತುವುದನ್ನು ಕಂಡವನು, ಅಂಥ ಉಪಕರಣ ಬರುವವರೆಗೆ ನನ್ನ ಕಾರಿಗೆ ವಿನಾಯಿತಿ ಕೊಡಿರೆಂದು ಯಾವ ಬಾಯಿಂದ ಕೇಳಲಿ?

ಇನ್ನೊಂದು ದಾರಿ ಉಂಟೆಂದು ಹಲವರು ಸೂಚಿಸಿದರು. ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ (ಎನ್‌ಓಸಿ) ಪಡೆದು, ಹೊರರಾಜ್ಯದ ಯಾವುದಾದರೊಂದು ಸಣ್ಣ ಊರಿಗೆ ಕಾರನ್ನು ಮಾರಿಬಿಡಬಹುದು. ಹತ್ತಾರು ಸಾವಿರ ರೂಪಾಯಿಯೂ ಕೈಸೇರುತ್ತದೆ. ನನಗೆ ಒಪ್ಪಿಗೆಯಾಗದಿದ್ದುದು ಇದೇ. ದೆಹಲಿಯ ಮಗುವಿಗೆ ಸಲ್ಲದ ಹೊಗೆ ರಾಯಚೂರಿನ ಮಗುವಿಗೆ ಸಲ್ಲುವುದು ಹೇಗೆ? ರಾಜಧಾನಿಗೆ ಶುದ್ಧ ಇಂಧನವೂ ಕಠಿಣ ನಿಯಮವೂ ಮೊದಲು ಬರುತ್ತವೆ. ಬಿಎಸ್-6 ಪೆಟ್ರೋಲ್ ದೆಹಲಿಗೆ 2018ರ ಏಪ್ರಿಲ್‌ನಲ್ಲೇ ಬಂದಿತು, ದೇಶದ ಬಹುಭಾಗ 2020ರವರೆಗೆ ಕಾಯಬೇಕಾಯಿತು. ರಾಜಧಾನಿಯ ಹಳೆಯ ಗಾಡಿಗಳು ಮಾತ್ರ ಕಾಯದೆ ಹೋಗಿ ಆ ಊರುಗಳನ್ನು ಸೇರುತ್ತವೆ. ಗಾಳಿಯ ವಿಷಯದಲ್ಲಿ ಇಂಥ ತಾರತಮ್ಯ ಅಧರ್ಮವೆಂದೇ ನನ್ನ ಎಣಿಕೆ.

ಆದುದರಿಂದ ಕಾರನ್ನು ಕಳಚಿಹಾಕುವವರಿಗೇ ಒಪ್ಪಿಸಿದೆವು. ಚಾಸಿಯ ಸಂಖ್ಯೆ ಕೊರೆದಿದ್ದ ಲೋಹದ ತುಂಡನ್ನು, ಇನ್ನೊಂದು ಗಾಡಿಗೆ ಅದು ಅಂಟಿಕೊಳ್ಳದಿರಲೆಂದು, ನಮ್ಮೆದುರಿಗೇ ಕತ್ತರಿಸಿ ತೆಗೆದರು. ಬಳಿಕ ಸಿಎನ್‌ಜಿಯ ಹೊಸ ಕಾರೊಂದನ್ನು ಕೊಂಡೆವು. ಅದರ ಡಿಕ್ಕಿಯನ್ನು ಅನಿಲದ ಸಿಲಿಂಡರೇ ಆಕ್ರಮಿಸಿರುವುದರಿಂದ ತೆಂಗಿನಕಾಯಿಗಳು ಈಗ ನಮ್ಮ ತೊಡೆಯ ಮೇಲೆ ಬರುತ್ತವೆ. ಹಳೆಯ ಕಾರನ್ನು ಮೊದಲಿನಿಂದಲೂ ನೋಡಿಕೊಂಡ ಸರ್ದಾರ್‌ಜಿ ಮೇಸ್ತ್ರಿಗೆ, ಓಡುವ ಎಂಜಿನ್ನನ್ನು ಒಡೆಸಿದ್ದು ಘೋರ ಅನ್ಯಾಯವಾಗಿ ಕಾಣುತ್ತದೆ. ಹಳ್ಳಿಯಲ್ಲಿ ಯಾರಾದರೂ ಬಡವನಿಗೆ ಅದು ಇನ್ನೂ ಹತ್ತು ವರ್ಷ ಅನ್ನ ಹಾಕುತ್ತಿತ್ತೆಂಬುದು ಆತನ ವಾದ. ಆ ವಾದದಲ್ಲಿ ಸತ್ಯವಿದೆ. ಹೊಸ ಕಾರಿನ ಆಯಿಲ್ ಬದಲಿಸಲು ಹೋದಾಗಲೆಲ್ಲ ಆತ ಅದನ್ನು ಮತ್ತೆ ಎತ್ತುತ್ತಾನೆ, ನಾನು ರಾಯಚೂರಿನ ಮಗುವನ್ನು ಮತ್ತೆ ತರುತ್ತೇನೆ. ಇಬ್ಬರೂ ಇನ್ನೂ ಸೋತಿಲ್ಲ.