ತಲುಪದ ಚೀಟಿ



ನಿವೃತ್ತನಾದ ಮೇಲೆ ಕಾರು ಕೊಳ್ಳಬೇಕೆಂಬ ಆಸೆ ನನಗೆಂದೂ ಇರಲಿಲ್ಲ. ಮೂವತ್ಮೂರು ವರ್ಷ ಸೈಕಲ್ಲು, ಸರ್ಕಾರಿ ಬಸ್ಸು ಮತ್ತು ಒಂದು ಹಳೆಯ ಸ್ಕೂಟರನ್ನು ನಂಬಿಕೊಂಡು ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ ತಾಲ್ಲೂಕುಗಳ ಶಾಲೆಗಳಲ್ಲಿ ದುಡಿದವನು ನಾನು. ಆದರೆ ನಾಗಮಂಗಲದಲ್ಲಿರುವ ನನ್ನ ಅಕ್ಕನ ಮಂಡಿನೋವು ಉಲ್ಬಣಿಸಿ, ತಿಂಗಳಿಗೊಮ್ಮೆ ಆಕೆಯನ್ನು ಮೈಸೂರಿನ ವೈದ್ಯರ ಬಳಿಗೆ ಕರೆದೊಯ್ಯುವುದು ಅನಿವಾರ್ಯವಾದಾಗ, ಶ್ರೀರಂಗಪಟ್ಟಣದ ನಮ್ಮ ಮನೆಯ ಮುಂದೆಯೂ ಒಂದು ಕಾರು ನಿಲ್ಲಬೇಕಾಯಿತು. ಹೊಸದನ್ನು ಕೊಳ್ಳುವ ಶಕ್ತಿ ಪಿಂಚಣಿಗಿರಲಿಲ್ಲ.

ಆಗ ನೆರವಿಗೆ ಬಂದವನು ಕೆ.ಆರ್.ಪೇಟೆಯ ಒಬ್ಬ ಹಳೆಯ ಶಿಷ್ಯ. ಅವನ ಹೆಸರನ್ನು ಬರೆಯುವುದಿಲ್ಲ. ಊಹಿಸಬಲ್ಲವರು ದಯವಿಟ್ಟು ಊಹೆಯನ್ನು ತಮ್ಮಲ್ಲಿಯೇ ಇರಿಸಿಕೊಳ್ಳಿ. 2019ರಲ್ಲಿ ಕೊಂಡ ಪೆಟ್ರೋಲ್ ಕಾರು, ನಾಗಮಂಗಲದ ಕೆಎ-54 ನೋಂದಣಿ, ಒಬ್ಬರೇ ಬಳಸಿದ್ದು. 2022ರ ಮೇ ತಿಂಗಳಲ್ಲಿ ವ್ಯಾಪಾರ ಕುದುರಿತು. ಪಾಂಡವಪುರದ ಪರಿಚಿತ ಮೆಕ್ಯಾನಿಕ್ಕೊಬ್ಬರು ಬಾನೆಟ್ಟು ತೆರೆದು, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, "ಮೇಷ್ಟ್ರೇ, ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಎಂದರು. ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆಯ ಪತ್ರ, ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳು ಎಲ್ಲವೂ ಸರಿಯಾಗಿದ್ದವು. ಉತ್ತರ ಪತ್ರಿಕೆ ತಿದ್ದುವವನಂತೆ ಪ್ರತಿ ಸಾಲನ್ನೂ ಓದಿ ಸಹಿ ಮಾಡಿದೆ. ಕೇಳಬೇಕಾಗಿದ್ದ ಒಂದು ಪ್ರಶ್ನೆ ಆ ಯಾವ ಕಾಗದದಲ್ಲಿಯೂ ಇರಲಿಲ್ಲ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಅಕ್ಕನನ್ನು ಕೂರಿಸಿಕೊಂಡು ನಾಗಮಂಗಲದಿಂದ ಹೊರಟೆ. ಜಕ್ಕನಹಳ್ಳಿ ದಾಟಿ, ಪಾಂಡವಪುರದ ಕಡೆಗೆ ಬಂದು, ಬನಘಟ್ಟದ ಬಳಿ ವಿಶ್ವೇಶ್ವರಯ್ಯ ನಾಲೆ ಕಣ್ಣಿಗೆ ಬಿದ್ದ ಹೊತ್ತಿಗೆ ಎಂಜಿನ್ ನಿಂತುಹೋಯಿತು. ಕೆಮ್ಮಲಿಲ್ಲ, ನಡುಗಲಿಲ್ಲ, ಯಾರೋ ದೀಪ ಆರಿಸಿದಂತೆ ಸುಮ್ಮನಾಯಿತು. ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯಿತು. ಎಂಜಿನ್ ನಿಂತ ಮೇಲೆ ಬ್ರೇಕಿಗೆ ದೊರೆಯುವ ನೆರವು ಒಂದೆರಡು ಸಲ ತುಳಿಯುವಷ್ಟು ಮಾತ್ರ ಉಳಿದಿರುತ್ತದೆಂಬುದು ನನಗೆ ಆಗ ತಿಳಿದಿರಲಿಲ್ಲ. ಅದೃಷ್ಟಕ್ಕೆ ಮೊದಲ ಸಲವೇ ಬಲವಾಗಿ ತುಳಿದಿದ್ದೆ. ಕಾರು ರಸ್ತೆಯ ಅಂಚಿನ ಮಣ್ಣಿಗಿಳಿದು ನಿಂತಿತು. ಅತ್ತ ನಾಲೆಯಲ್ಲಿ ನೀರು ದಡ ಮುಟ್ಟಿ ಹರಿಯುತ್ತಿತ್ತು. ತೂಕಡಿಸುತ್ತಿದ್ದ ಅಕ್ಕ ಕಣ್ಣು ತೆರೆದು, "ಮೈಸೂರು ಬಂತೇನಪ್ಪಾ?" ಎಂದು ಕೇಳಿದಳು. ನನಗೆ ಉತ್ತರ ಹೊರಡಲಿಲ್ಲ. 2018ರ ನವೆಂಬರ್ 24ರಂದು ಅದೇ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ಇದೇ ನಾಲೆಗೆ ಉರುಳಿ ಮೂವತ್ತು ಜನ ಪ್ರಾಣ ಕಳೆದುಕೊಂಡರು. ಸತ್ತವರಲ್ಲಿ ಶಾಲಾ ಮಕ್ಕಳೂ ಇದ್ದರು. ಆ ದಿನದ ನಂತರ ನಮ್ಮ ಕಡೆಯವರು ಯಾರೂ ಆ ನೀರನ್ನು ಮೊದಲಿನಂತೆ ನೋಡಿಲ್ಲ.

ಹತ್ತು ನಿಮಿಷ ಕಳೆದು ಕೀಲಿ ತಿರುಗಿಸಿದರೆ ಏನೂ ಆಗದಂತೆ ಎಂಜಿನ್ ಎದ್ದಿತು. ಮೆಕ್ಯಾನಿಕ್ಕರು "ಪೆಟ್ರೋಲಿನಲ್ಲಿ ಕಸವಿರಬೇಕು" ಎಂದರು. ಸಮಸ್ಯೆಯ ಮೂಲ ಕಂಡುಹಿಡಿದವಳು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮೊಮ್ಮಗಳು. "ತಾತ, ಚಾಸಿ ನಂಬರ್ ಹೇಳಿ" ಎಂದಳು. ಹದಿನೇಳು ಅಂಕಿ ಮತ್ತು ಅಕ್ಷರಗಳ ಆ ಸಂಖ್ಯೆಯನ್ನು ಓದುವಾಗ ಸೊನ್ನೆಯನ್ನು "ಓ" ಎಂದೆ; ತಪ್ಪೆಂದಿತು ಕಂಪ್ಯೂಟರು. ಅಂಕಿಗಳೊಡನೆ ಬೆರೆತು ಗೊಂದಲವಾಗದಿರಲೆಂದು ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲವಂತೆ. ತಿದ್ದಿ ಹೇಳಿದ ಕೂಡಲೇ ಫಲಿತಾಂಶ ಬಂದಿತು: ಇಂಧನ ಪಂಪು ಬದಲಾಯಿಸಲು ಕಂಪನಿಯೇ ಈ ಕಾರನ್ನು ಹಿಂದಕ್ಕೆ ಕರೆದಿದೆ, ಕೆಲಸ ಇನ್ನೂ ಆಗಿಲ್ಲ.

ಇಂಧನ ಪಂಪು ಪೆಟ್ರೋಲ್ ಟ್ಯಾಂಕಿನೊಳಗೆ ಮುಳುಗಿ ಕೆಲಸ ಮಾಡುವ ಪುಟ್ಟ ಯಂತ್ರ. ಅದರ ಪ್ಲಾಸ್ಟಿಕ್ ಚಕ್ರದಲ್ಲಿ ದೋಷವಿದ್ದರೆ ಅದು ಕ್ರಮೇಣ ಪೆಟ್ರೋಲನ್ನು ಹೀರಿ ಉಬ್ಬಿ, ಸುತ್ತಲಿನ ಗೂಡಿಗೆ ಉಜ್ಜಿ ನಿಂತುಬಿಡಬಹುದು. ಎಂಜಿನ್ನಿನ ಸದ್ದಿನಿಂದ ಇದನ್ನು ಮುಂಚಿತವಾಗಿ ಗುರುತಿಸುವುದು ಕಷ್ಟ. ಇದು ಅಪರೂಪದ ಸಂಗತಿಯೂ ಅಲ್ಲ. 2020ರ ಜುಲೈನಲ್ಲಿ ಮಾರುತಿ ಸುಜುಕಿ 1,34,885 ವ್ಯಾಗನ್-ಆರ್ ಮತ್ತು ಬಲೆನೊ ಕಾರುಗಳನ್ನು, 2021ರ ಏಪ್ರಿಲ್‌ನಲ್ಲಿ ಹೋಂಡಾ 77,954 ಕಾರುಗಳನ್ನು ಇಂಧನ ಪಂಪಿನ ಕಾರಣಕ್ಕೇ ಕರೆಸಿಕೊಂಡವು. ನನ್ನದು ಇವೆರಡೂ ಅಲ್ಲದ ಕಂಪನಿಯ ಕಾರು. ನಮ್ಮ ದೇಶದಲ್ಲಿ 2012ರಿಂದ ತಯಾರಕರು ತಾವಾಗಿಯೇ ಪಾಲಿಸುವ ರೀಕಾಲ್ ಸಂಹಿತೆಯಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110-ಎ ಕಲಂ ಸೇರಿತು. 2021ರ ಏಪ್ರಿಲ್ 1ರಿಂದ ಸರ್ಕಾರವೇ ಕಡ್ಡಾಯವಾಗಿ ವಾಹನ ಹಿಂಪಡೆಯುವಂತೆ ಆದೇಶಿಸಬಹುದಾಗಿದ್ದು, ದಂಡ ಒಂದು ಕೋಟಿ ರೂಪಾಯಿಯವರೆಗೂ ಏರಬಹುದು. ಆದರೆ ಕಂಪನಿಯ ಸೂಚನೆ ಹೋಗುವುದು ಅದರ ದಾಖಲೆಯಲ್ಲಿರುವ ಮೊದಲ ಮಾಲೀಕನಿಗೆ. ಕಾರು ಕೈ ಬದಲಿಸಿದರೂ ಸೂಚನೆ ಅಲ್ಲಿಯೇ ಉಳಿಯುತ್ತದೆ.

ಕೋಪದಿಂದ ಶಿಷ್ಯನಿಗೆ ಫೋನು ಮಾಡಿದೆ. ಅವನು ಸುಳ್ಳು ಹೇಳಲಿಲ್ಲ. "ಸಾರ್, ಎರಡು ಸಲ ಮೆಸೇಜ್ ಬಂದಿತ್ತು. ಬಿಟ್ಟಿಯಾಗಿ ಹಾಕಿಕೊಡ್ತೀವಿ ಅಂತಿತ್ತು. ಸರ್ವಿಸಿಗೆ ಕರೆಸಿಕೊಂಡು ದುಡ್ಡು ಕೀಳೋ ಉಪಾಯ ಅಂದುಕೊಂಡೆ. ಮೂರು ವರ್ಷ ಗಾಡಿ ಒಂದು ದಿನವೂ ಕೈಕೊಡಲಿಲ್ಲ. ನಿಮಗೆ ಹೇಳಬೇಕು ಅಂತ ಹೊಳೆಯಲೇ ಇಲ್ಲ" ಎಂದ. "ಓದಿದವನು ನೀನು! ಬಂದ ಸೂಚನೆಯನ್ನು ಮುಟ್ಟಿಸಬೇಕಾದವರಿಗೆ ಮುಟ್ಟಿಸಬೇಕೆಂದು ತಿಳಿಯದೆ?" ಎಂದು ಗದರಿ ಫೋನು ಇಟ್ಟೆ. ಇಟ್ಟ ಮೇಲೆ ನನ್ನ ಮಾತೇ ನನ್ನತ್ತ ತಿರುಗಿತು.

ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ಕೆ.ಆರ್.ಪೇಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಏಳನೆಯ ತರಗತಿಗೆ ಗಣಿತ ಕಲಿಸುತ್ತಿದ್ದೆ. ಶಾಲಾ ತಪಾಸಣೆಗೆ ಬಂದ ವೈದ್ಯರು ಒಬ್ಬ ಹುಡುಗನ ದೃಷ್ಟಿ ಬಹಳ ಮಂದವಾಗಿದೆಯೆಂದು ಚೀಟಿ ಬರೆದುಕೊಟ್ಟರು. "ನಿಮ್ಮಪ್ಪನಿಗೆ ಕೊಡು" ಎಂದು ಅದನ್ನು ಹುಡುಗನ ಕೈಗಿತ್ತು, ಪುಸ್ತಕದಲ್ಲಿ "ಚೀಟಿ ತಲುಪಿಸಲಾಗಿದೆ" ಎಂದು ಬರೆದು ಸಹಿ ಹಾಕಿದೆ. ಆಮೇಲೆ ಮರೆತೆ. ಹಲಗೆಯ ಮೇಲಿನ 8ನ್ನು 3 ಎಂದು, 6ನ್ನು 0 ಎಂದು ಬರೆದುಕೊಳ್ಳುತ್ತಾನೆಂದು ಆ ವರ್ಷವಿಡೀ ಅವನಿಗೆ ಬೆತ್ತದ ಏಟು ಕೊಟ್ಟವನು ನಾನೇ. ಹುಡುಗ ನಪಾಸಾದ. ಜೂನ್‌ನಲ್ಲಿ ಅವನ ತಂದೆ ಪುಸ್ತಕಗಳನ್ನು ಶಾಲೆಗೆ ಮರಳಿಸಿ, "ಓದು ತಲೆಗೆ ಹತ್ತಲಿಲ್ಲ ಸ್ವಾಮಿ, ದನ ಕಾಯಲಿ" ಎಂದು ಹೊರಟುಹೋದರು. ಗಣಿತ ಪುಸ್ತಕದ ನಡುವೆ ಆ ಚೀಟಿ ಮಡಿಸಿದಂತೆಯೇ ಇತ್ತು. ಸಿಕ್ಕಿದ್ದರೂ ಓದಲು ಆ ತಂದೆಗೆ ಅಕ್ಷರ ಬರುತ್ತಿರಲಿಲ್ಲ. ಅವರ ಹಿಂದೆ ಓಡಿಹೋಗಿ ಹೇಳಬಹುದಾಗಿತ್ತು. ಬೆತ್ತ ಹಿಡಿದವನಿಗೆ ಮುಖ ತೋರಿಸುವ ಧೈರ್ಯವಾಗಲಿಲ್ಲ.

ಮರುದಿನ ಶಿಷ್ಯನಿಗೆ ನಾನೇ ಫೋನು ಮಾಡಿ ಈ ಕಥೆ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಭಾನುವಾರ ತಾನೇ ಬಂದು, ಮಾರನೆಯ ದಿನ ನನ್ನೊಡನೆ ಮೈಸೂರಿನ ಅಧಿಕೃತ ಸರ್ವಿಸ್ ಕೇಂದ್ರಕ್ಕೂ ನಡೆದ. ಮಧ್ಯಾಹ್ನದೊಳಗೆ ಹೊಸ ಪಂಪು ಕೂತಿತು. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಎರಡನೆಯ ಮಾಲೀಕನೆಂದು ಯಾರೂ ತಕರಾರು ಮಾಡಲಿಲ್ಲ.

ಆದ್ದರಿಂದ ನಿಮ್ಮಲ್ಲಿ ಹಳೆಯ ಕಾರು ಕೊಳ್ಳುವವರಿಗೆ ನನ್ನದೊಂದು ಕೋರಿಕೆ. ಮುಂಗಡ ಕೊಡುವ ಮೊದಲೇ ಚಾಸಿ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ, ಇಲ್ಲವೇ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿ. ಬಾಕಿಯಿದ್ದರೆ ದುರಸ್ತಿ ಮಾಡಿಸಿ, ಮಾಡಿದ್ದಕ್ಕೆ ಲಿಖಿತ ದಾಖಲೆ ಪಡೆಯಿರಿ. ಕೊಂಡ ಮೇಲೆ ನಿಮ್ಮ ಫೋನ್ ಸಂಖ್ಯೆಯನ್ನು ಕಂಪನಿಯ ದಾಖಲೆಯಲ್ಲಿ ಸೇರಿಸಿ. ಮಾರುವವರು, ತಮಗೆ ಬಂದ ಸೂಚನೆ ಎಷ್ಟೇ ಕ್ಷುಲ್ಲಕವೆನಿಸಿದರೂ, ಕೊಳ್ಳುವವರಿಗೆ ಬಾಯಿ ಬಿಟ್ಟು ಹೇಳಿ.

ಅಕ್ಕ ಈಗಲೂ ಅದೇ ಕಾರಿನಲ್ಲಿ, ಅದೇ ನಾಲೆಯ ಪಕ್ಕ, ತೂಕಡಿಸುತ್ತಲೇ ಮೈಸೂರಿಗೆ ಬರುತ್ತಾಳೆ. ಆ ಹುಡುಗನಿಗೆ ಈಗ ಐವತ್ತರ ಆಸುಪಾಸು ವಯಸ್ಸಿರಬೇಕು. ಇದನ್ನು ಓದುವವರಲ್ಲಿ ಆ ಶಾಲೆಯಲ್ಲಿ, ಆ ತರಗತಿಯಲ್ಲಿ ಕುಳಿತಿದ್ದವರಿದ್ದರೆ, ಅವನು ಎಲ್ಲಿದ್ದಾನೆಂದು ನನಗೆ ತಿಳಿಸಿ. ನಾನೇ ಹೋಗಿ ಕಾಣುತ್ತೇನೆ.