ಹಡಗಿನಲ್ಲಿ ಉಮ್ಮನೊಂದಿಗೆ

ಉಮ್ಮನಿಗೆ ಸಮುದ್ರ ಹೊಸತಲ್ಲ. ಅವರು ಹುಟ್ಟಿ ಬೆಳೆದದ್ದು ಮಂಗಳೂರಿನ ಬಂದರಿನ ಬಳಿ. ಲಕ್ಷದ್ವೀಪದವರು ಹಾಯಿ ಕಟ್ಟಿದ ಓಡಗಳಲ್ಲಿ ತೆಂಗಿನ ನಾರಿನ ಹಗ್ಗ, ಕಾಯಿ, ಬೆಲ್ಲ ತಂದಿಳಿಸಿ ಅಕ್ಕಿ ತುಂಬಿಕೊಂಡು ಮರಳುತ್ತಿದ್ದುದನ್ನು ಬಾಲ್ಯದಲ್ಲಿ ಕಣ್ಣಾರೆ ನೋಡಿದವರು. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು. ಆದರೆ ಆ ಓಡಗಳು ಮರಳಿ ಹೋಗುವ ಊರು ಹೇಗಿದೆಯೆಂದು ನೋಡುವ ಅವಕಾಶ ಉಮ್ಮನಿಗೆ ಅರುವತ್ತೆಂಟು ವರ್ಷವಾದರೂ ಬಂದಿರಲಿಲ್ಲ.

2019ರ ಜನವರಿಯಲ್ಲಿ ಆ ಅವಕಾಶ ಬಂತು. ಕೊಚ್ಚಿಯಿಂದ ಹೊರಟು ಮೂರು ದ್ವೀಪಗಳನ್ನು ತೋರಿಸಿ ಐದನೆಯ ದಿನ ಮರಳಿ ಕೊಚ್ಚಿಗೇ ತಂದು ಬಿಡುವ ಹಡಗಿನ ಪ್ರವಾಸವದು. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ನಾವು ನಿದ್ದೆ ಮಾಡುವಾಗ ಹಡಗು ಮುಂದಿನ ದ್ವೀಪದತ್ತ ಸಾಗುತ್ತದೆ. ನನ್ನ ಪತಿ ಮೂರು ಟಿಕೆಟ್ ಮಾಡಿಸಿ, ದ್ವೀಪಕ್ಕೆ ಹೋಗಲು ಬೇಕಾದ ಪರವಾನಗಿಯನ್ನೂ ಪಡೆದರು. "ಉಮ್ಮನನ್ನೂ ಕರೆದುಕೊಂಡು ಹೋಗೋಣ. ಉಪ್ಪ ತೀರಿಕೊಂಡ ಮೇಲೆ ಅವರು ಎಲ್ಲಿಗೂ ಹೋಗಿಲ್ಲ" ಎಂದರು.

ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿ ಪ್ರವಾಸದ ಸಂತೋಷಕ್ಕಿಂತ ಬೇರೊಂದು ಭಾರವಿತ್ತು. ಉಪ್ಪ ಬಿಟ್ಟು ಹೋದದ್ದು 48 ಸೆಂಟ್ಸ್ ಜಾಗ ಮತ್ತು ಅದರಲ್ಲೊಂದು ಹಳೆಯ ಹಂಚಿನ ಮನೆ. ಅದು ನನ್ನ ಇಬ್ಬರು ಅಣ್ಣಂದಿರ ಹೆಸರಿಗೆ ಆಗಬೇಕಿತ್ತು. ಅದಕ್ಕಾಗಿ ಉಮ್ಮ, ಅಕ್ಕ ಮತ್ತು ನಾನು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಪತ್ರ ಸಿದ್ಧವಾಗಿತ್ತು. ಪ್ರವಾಸ ಮುಗಿಸಿ ಬಂದ ವಾರದಲ್ಲೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ನಾನು ಏನಾದರೂ ಹೇಳಲು ಬಾಯಿ ತೆರೆದರೆ ಉಮ್ಮ, "ಸಹಿ ಹಾಕಿಬಿಡು ಮಗಳೇ. ಪಾಲು ಕೇಳಿದರೆ ತವರು ಉಳಿಯುವುದಿಲ್ಲ" ಎನ್ನುತ್ತಿದ್ದರು.

ಕೊಚ್ಚಿಯ ವಿಲಿಂಗ್ಡನ್ ದ್ವೀಪದ ಬಂದರಿನಿಂದ ಮಧ್ಯಾಹ್ನದ ನಂತರ ಹಡಗು ಹೊರಟಿತು. ನಮ್ಮ ಕೋಣೆ ಚಿಕ್ಕದು. ಒಂದರ ಮೇಲೊಂದು ಮಲಗುವ ಹಲಗೆಗಳು, ಗೋಡೆಗೆ ಒಂದು ಗುಂಡು ಗಾಜಿನ ಕಿಟಕಿ. ಸಂಜೆ ಹಡಗಿನ ಮೇಲ್ಗಡೆ ಹೋಗಿ ಕುಳಿತೆವು. ದಡ ಕಾಣದಾಯಿತು. ನಾಲ್ಕೂ ಕಡೆ ನೀರು. ಸೂರ್ಯ ಮುಳುಗಿದ ಮೇಲೆ ಕೋಣೆಗೆ ಬಂದು ಹಡಗಿನ ಸಿಬ್ಬಂದಿಯೊಬ್ಬರಲ್ಲಿ ಕಿಬ್ಲಾದ ದಿಕ್ಕು ಕೇಳಿದೆವು. ಮಗ್ರಿಬ್ ಮೂರು ರಕಅತ್, ಅದರ ಜೊತೆಗೆ ಸೇರಿಸಿ ಇಶಾ ಎರಡೇ ರಕಅತ್. "ಪ್ರಯಾಣಿಕರಿಗೆ ಅಲ್ಲಾಹನು ಎಷ್ಟು ಸುಲಭ ಮಾಡಿಕೊಟ್ಟಿದ್ದಾನೆ!" ಎಂದರು ಉಮ್ಮ. ಆ ರಾತ್ರಿ ಹಡಗಿನ ತೂಗಾಟಕ್ಕೆ ನನಗೆ ತಲೆ ಸುತ್ತಿ ಬಂತು. ಮಾತ್ರೆ ನುಂಗಿ ಮಲಗಿದೆ. ಉಮ್ಮ ಮಾತ್ರ ತೊಟ್ಟಿಲಲ್ಲಿ ಮಲಗಿದ ಮಗುವಿನಂತೆ ನಿದ್ರಿಸಿದರು.

ಬೆಳಿಗ್ಗೆ ಕಲ್ಪೇನಿ ಬಂತು. ದ್ವೀಪದ ಸುತ್ತ ಹವಳದ ದಿಬ್ಬವಿರುವುದರಿಂದ ನಮ್ಮ ಹಡಗು ದೂರದಲ್ಲೇ ನಿಂತಿತು. ಹಡಗಿನ ಪಕ್ಕದ ಬಾಗಿಲಿನಿಂದ ಚಿಕ್ಕ ಯಂತ್ರದ ದೋಣಿಗೆ ಇಳಿಯಬೇಕು. ದೋಣಿ ಒಮ್ಮೆ ಮೇಲೇರುತ್ತದೆ, ಒಮ್ಮೆ ಕೆಳಗಿಳಿಯುತ್ತದೆ. ಬುರ್ಖಾದ ಅಂಚನ್ನು ಎತ್ತಿ ಹಿಡಿದು ಉಮ್ಮ ಹಿಂದೆ ಸರಿದರು. "ಉಮ್ಮಾ, ಹೆದರಬೇಡಿ, ಹೇಳಿದಾಗ ಕಾಲಿಡಿ ಸಾಕು" ಎಂದು ಒಬ್ಬ ನಾವಿಕ ಆಚೆ ನಿಂತು ಕೈ ಚಾಚಿದ. "ಬಿಸ್ಮಿಲ್ಲಾಹ್" ಎಂದು ಉಮ್ಮ ಕಾಲಿಟ್ಟೇಬಿಟ್ಟರು.

ದಿಬ್ಬದ ಒಳಗಿನ ನೀರು ಹಸಿರು ಗಾಜಿನ ಹಾಗೆ. ತಳದ ಮರಳು, ಹವಳ, ಮೀನು ಎಲ್ಲವೂ ಕಾಣುತ್ತದೆ. ದಡದಲ್ಲಿ ಎಳನೀರು ಕೊಟ್ಟು ಬರಮಾಡಿಕೊಂಡರು. 1847ರಲ್ಲಿ ಬೀಸಿದ ದೊಡ್ಡ ಬಿರುಗಾಳಿಗೆ ಸಮುದ್ರ ತಂದು ಎಸೆದ ಹವಳದ ಕಲ್ಲುಗಳ ರಾಶಿಯನ್ನು ತೋರಿಸಿದರು. ಹೆಣ್ಣು ಮಕ್ಕಳ ಓದು ತಪ್ಪೆಂದು ಎಣಿಸುತ್ತಿದ್ದ ಕಾಲದಲ್ಲಿ ಈ ದ್ವೀಪಗಳ ಪೈಕಿ ಮೊದಲು ಹುಡುಗಿಯರು ಶಾಲೆಗೆ ಹೋದದ್ದು ಕಲ್ಪೇನಿಯಲ್ಲಿ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಊಟದ ನಂತರ ನಾನೂ ಉಮ್ಮನೂ ಊರೊಳಗೆ ಸ್ವಲ್ಪ ನಡೆದೆವು. ಒಂದು ಮನೆಯ ಜಗಲಿಯಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಸಲಾಮ್ ಹೇಳಿ ಕರೆದರು. ಅವರ ಮಾತು ಮಲಯಾಳದ ಒಂದು ಬಗೆ, ನಮ್ಮದು ಬ್ಯಾರಿ. ಅರ್ಧ ಅವರದು, ಅರ್ಧ ನಮ್ಮದು ಸೇರಿ ಮಾತು ಸರಾಗವಾಗಿಯೇ ಸಾಗಿತು. ಮನೆ ಅವರ ಉಮ್ಮನದಂತೆ, ಅದಕ್ಕೂ ಮೊದಲು ಉಮ್ಮನ ಉಮ್ಮನದು. ಈ ದ್ವೀಪಗಳಲ್ಲಿ ಮನೆತನದ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುತ್ತದೆ. ಮದುವೆಯಾದ ಮೇಲೂ ಹೆಣ್ಣು ತನ್ನ ಮನೆ ಬಿಟ್ಟು ಹೋಗುವುದಿಲ್ಲ, ಗಂಡನೇ ಆಕೆಯ ಮನೆಗೆ ಬರುವುದು ಇಲ್ಲಿಯ ಹಳೆಯ ರೂಢಿ. ಎಲ್ಲ ಹೇಳಿ ಮುಗಿಸಿ ಆ ಅಜ್ಜಿ ಸಹಜವಾಗಿ ಉಮ್ಮನನ್ನು ಕೇಳಿದರು: "ನಿಮ್ಮ ಮನೆ ಎಲ್ಲಿ?"

ಉಮ್ಮ "ಮಂಗಳೂರು" ಎಂದರು.

"ಊರಲ್ಲ, ಮನೆ. ನಿಮ್ಮ ಮನೆ?"

ಉಮ್ಮ ನನ್ನ ಮುಖ ನೋಡಿದರು. ಸ್ವಲ್ಪ ತಡೆದು, "ಆರು ತಿಂಗಳು ದೊಡ್ಡ ಮಗನಲ್ಲಿ, ಆರು ತಿಂಗಳು ಸಣ್ಣ ಮಗನಲ್ಲಿ" ಎಂದರು. ಅಜ್ಜಿ ಮತ್ತೇನೂ ಕೇಳಲಿಲ್ಲ. ಒಳಗಿನಿಂದ ಚಹಾ ತರಿಸಿದರು.

ಅಂದು ಸಂಜೆ ಹಡಗಿನ ಮೇಲ್ಗಡೆ ಗದ್ದಲವೋ ಗದ್ದಲ. ಗುಜರಾತಿನಿಂದ ಬಂದ ಒಂದು ದೊಡ್ಡ ಕುಟುಂಬ ಅಂತ್ಯಾಕ್ಷರಿ ಆಡುತ್ತಿತ್ತು. ಮಕ್ಕಳು ಓಡಾಡುತ್ತಿದ್ದರು. ನಾವು ಒಂದು ಮೂಲೆಯ ಬೆಂಚಿನಲ್ಲಿ ಕುಳಿತೆವು. ಬಹಳ ಹೊತ್ತು ಸುಮ್ಮನಿದ್ದ ಉಮ್ಮ ಇದ್ದಕ್ಕಿದ್ದಂತೆ, "ನಾನೂ ಒಮ್ಮೆ ಸಹಿ ಹಾಕಿದ್ದೇನೆ" ಎಂದರು. 1978ರಲ್ಲಿ ಅಜ್ಜ ತೀರಿಕೊಂಡಾಗ ನಡೆದದ್ದು. ಮಾವಂದಿರು ಕಾರು ಮಾಡಿಕೊಂಡು ಬಂದು ಕರೆದೊಯ್ದರಂತೆ. ಕಾಗದದಲ್ಲಿ ಏನಿದೆಯೆಂದು ಯಾರೂ ಓದಿ ಹೇಳಲಿಲ್ಲ. ಮರಳುವಾಗ ಒಂದು ಸೀರೆ, ಮಕ್ಕಳಿಗೆಂದು ಒಂದು ಡಬ್ಬ ಬಿಸ್ಕತ್ತು. "ತವರು ಉಳಿಯಲಿ ಎಂದು ಹಾಕಿದೆ. ಆದರೆ ತವರು ಉಳಿಯಿತೇ? ನಾಲ್ಕು ವರ್ಷದಲ್ಲಿ ಆ ಜಾಗ ಮಾರಿ ಹೋಯಿತು. ಈಗ ಮದುವೆ ಕಾಗದ ಕೊಡಲು ಮಾತ್ರ ಬರುತ್ತಾರೆ." ಅದನ್ನು ಹೇಳುವಾಗ ಉಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮರುದಿನ ಮಿನಿಕಾಯ್. ಉಳಿದ ದ್ವೀಪಗಳಿಂದ ದೂರ ತೆಂಕಣ ದಿಕ್ಕಿನಲ್ಲಿದೆ. ಭಾಷೆಯೂ ಬೇರೆ. ಮಹಲ್ ಎನ್ನುತ್ತಾರೆ, ಅದು ಮಾಲ್ಡೀವ್ಸಿನವರ ಭಾಷೆಯೇ. ಇಲ್ಲಿ ನಮ್ಮ ಬ್ಯಾರಿ ನಡೆಯಲಿಲ್ಲ. ಹಿಂದಿ, ಮಲಯಾಳ ಬೆರೆಸಿ ಮಾತಾಡಿದೆವು. ಗಂಡಸರಲ್ಲಿ ಬಹಳ ಮಂದಿ ಹಡಗುಗಳಲ್ಲಿ ದುಡಿಯಲು ದೇಶ ದೇಶ ಸುತ್ತುವವರು. ಉಳಿದವರು ಗಾಳ ಹಾಕಿ ಟ್ಯೂನಾ ಹಿಡಿಯುತ್ತಾರೆ. ಅದನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಲ್ಲಿ ಒಣಗಿಸಿದರೆ ಕಟ್ಟಿಗೆಯಷ್ಟು ಗಟ್ಟಿಯಾದ 'ಮಾಸ್' ಆಗುತ್ತದೆ. ಉಮ್ಮ ಅದನ್ನು ಮೂಸಿ ನೋಡಿ, ತಟ್ಟಿ ನೋಡಿ, ಸಾರಿಗೆ ಹೇಗೆ ಹಾಕುವುದೆಂದು ವಿಚಾರಿಸಿ ಎರಡು ತುಂಡು ಕೊಂಡರು.

ಗಂಡಸರು ತಿಂಗಳುಗಟ್ಟಲೆ ಊರಲ್ಲಿರದ ಕಾರಣ ಇಲ್ಲಿ ಮನೆಯ ವ್ಯವಹಾರವೆಲ್ಲ ಹೆಂಗಸರದೇ. ಪ್ರತಿ ಹಳ್ಳಿಗೂ ಗಂಡಸರಲ್ಲಿ ಒಬ್ಬ ಮುಖಂಡ ಇರುವಂತೆ ಹೆಂಗಸರಲ್ಲೂ ಒಬ್ಬ ಮುಖಂಡೆ ಇರುತ್ತಾಳೆ. ನಾವು 1885ರಲ್ಲಿ ಕಟ್ಟಿದ ದೀಪಸ್ತಂಭ ಹತ್ತಿದೆವು. ಉಮ್ಮ ಕೆಳಗೇ ನೆರಳಲ್ಲಿ ಕುಳಿತರು. ಮೇಲಿನಿಂದ ನೋಡಿದರೆ ಒಂದು ಕಡೆ ತೆಂಗಿನ ತೋಪಿನ ಹಸಿರು, ಇನ್ನೊಂದು ಕಡೆ ಹವಳದ ದಿಬ್ಬಕ್ಕೆ ಬಡಿದು ನೊರೆಯಾಗುವ ಬಿಳಿ ಗೆರೆ. ಇಷ್ಟು ಸಣ್ಣ ನೆಲ, ಅದರ ಸುತ್ತ ಇಷ್ಟು ದೊಡ್ಡ ನೀರು! ಇಲ್ಲಿ ಒಂದೊಂದು ಸೆಂಟ್ಸ್ ಜಾಗಕ್ಕೂ ಎಷ್ಟು ಬೆಲೆಯಿರಬಹುದು ಎಂದುಕೊಂಡೆ. ಆದರೂ ಹೆಣ್ಣನ್ನು ಅದರಿಂದ ಹೊರಗಿಟ್ಟಿಲ್ಲ.

ಅಂದಿನ ಸಂಜೆ ನಮ್ಮಲ್ಲಿ ವಾದವೇ ನಡೆಯಿತು. "ನೋಡಿದಿರಾ, ಇವರೂ ನಮ್ಮ ಹಾಗೆ ಮುಸ್ಲಿಮರೇ. ಇಲ್ಲಿ ಮನೆ ಹೆಂಗಸರದು" ಎಂದೆ ನಾನು. ನನ್ನ ಪತಿ ತಡೆದರು. "ಅದು ಇಲ್ಲಿಯ ಹಳೆಯ ರೂಢಿ, ಶರೀಅತ್ತಿನ ನಿಯಮವಲ್ಲ. ಅವರಲ್ಲೂ ಶುಕ್ರವಾರದ ಆಸ್ತಿ, ಸೋಮವಾರದ ಆಸ್ತಿ ಎಂದು ಎರಡಿದೆ. ಮನೆತನದ ಆಸ್ತಿ ಶುಕ್ರವಾರದ್ದು, ಅದು ಹೆಣ್ಣಿನ ಕಡೆಗೆ. ಸ್ವಂತ ದುಡಿದದ್ದು ಸೋಮವಾರದ್ದು, ಅದು ಶರೀಅತ್ತಿನಂತೆ ಹಂಚಿಕೆಯಾಗುತ್ತದೆ." ನಾನು ಸೋತೆನೆಂದುಕೊಂಡೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು: "ಇವರ ರೂಢಿ ನಮಗೆ ಬೇಡ. ಅಲ್ಲಾಹನು ನಿಸಾ ಅಧ್ಯಾಯದಲ್ಲಿ ಹೆಣ್ಣಿಗೆ ಎಷ್ಟು ಕೊಟ್ಟಿದ್ದಾನೋ ಅಷ್ಟು ಕೊಟ್ಟರೆ ಸಾಕಲ್ಲ? ನಾವು ಅದನ್ನೂ ಕೊಡುತ್ತಿಲ್ಲ. ನಮಾಝಿನಲ್ಲಿ ಒಂದು ರಕಅತ್ ಕಡಿಮೆಯಾದರೆ ಮತ್ತೆ ಎದ್ದು ನಿಲ್ಲುತ್ತೇವೆ. ಸಹೋದರಿಯ ಪಾಲು ಪೂರ್ತಿ ಇಲ್ಲವಾದರೂ ನಿದ್ದೆ ಬರುತ್ತದೆ."

ಉಮ್ಮ ತಲೆ ಎತ್ತಿದರು. "ನನಗೆಷ್ಟು ಬರುತ್ತದೆ?" ಎಂದು ಕೇಳಿದರು. ನಲವತ್ತೆರಡು ವರ್ಷಗಳಲ್ಲಿ ಉಮ್ಮ ತನಗಾಗಿ ಏನಾದರೂ ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಊಟದ ಚೀಟಿಯ ಹಿಂಬದಿಯಲ್ಲಿ ನನ್ನ ಪತಿ ಲೆಕ್ಕ ಬರೆದರು. ಮೊದಲು ಸಾಲ, ವಸಿಯ್ಯತ್ ತೀರಬೇಕು. ಉಪ್ಪನಿಗೆ ಅವೆರಡೂ ಇರಲಿಲ್ಲ. ಮಕ್ಕಳಿರುವ ವಿಧವೆಗೆ ಎಂಟನೆಯ ಒಂದು ಪಾಲು. 48 ಸೆಂಟ್ಸಿನಲ್ಲಿ 6 ಸೆಂಟ್ಸ್. ಉಳಿದ 42ರಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದರಂತೆ ಆರು ಪಾಲು. ಅಣ್ಣಂದಿರಿಗೆ ತಲಾ 14, ಅಕ್ಕನಿಗೂ ನನಗೂ ತಲಾ 7. ಉಮ್ಮ ಬೆರಳು ಮಡಚಿ ಇನ್ನೊಮ್ಮೆ ಕೂಡಿಸಿ ನೋಡಿದರು. "ಒಂದು ಸೆಂಟ್ಸೂ ಒಡೆಯಲಿಲ್ಲವಲ್ಲ!" ಎಂದು ಚೀಟಿ ತೆಗೆದುಕೊಂಡು ಕುಪ್ಪಸದೊಳಗಿನ ಪರ್ಸಿನಲ್ಲಿಟ್ಟರು.

ಮೂರನೆಯ ದಿನ ಕವರತ್ತಿ. 1964ರಿಂದ ಇದೇ ಈ ದ್ವೀಪಗಳ ಆಡಳಿತ ಕೇಂದ್ರ. ಅದಕ್ಕೂ ಮೊದಲು ಕಚೇರಿಯಿದ್ದದ್ದು ಕೋಝಿಕ್ಕೋಡಿನಲ್ಲಿ. ತಳದಲ್ಲಿ ಗಾಜು ಹಾಕಿದ ದೋಣಿಯಲ್ಲಿ ಕುಳಿತು ಹವಳದ ನಡುವೆ ಓಡುವ ಬಣ್ಣದ ಮೀನುಗಳನ್ನು ನೋಡಿದೆವು. ಉಜ್ರಾ ಮಸೀದಿಯ ಛಾವಣಿಯ ಮರದ ಕೆತ್ತನೆ ಹೆಸರುವಾಸಿಯಾದುದು. ನನ್ನ ಪತಿ ಒಳಗೆ ಹೋಗಿ ನೋಡಿ ಬಂದು ವಿವರಿಸಿದರು. ಉಮ್ಮ ಹೊರಗೆ ನಿಂತು ದುಆ ಮಾಡಿದರು. ಏನು ಬೇಡಿದರೆಂದು ನಾನು ಕೇಳಲಿಲ್ಲ.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಉಮ್ಮ ಚಪ್ಪಲಿ ಬಿಚ್ಚಿ ಮೊಣಕಾಲಿನವರೆಗೆ ನೀರಿಗಿಳಿದರು. ಬಂದರಿನಲ್ಲಿ ಹುಟ್ಟಿದವರಾದರೂ ಮದುವೆಯಾದ ಮೇಲೆ ಸಮುದ್ರದಲ್ಲಿ ಕಾಲಿಟ್ಟದ್ದು ಅದೇ ಮೊದಲಂತೆ. ಹಡಗಿಗೆ ಮರಳುವಾಗ ದೋಣಿಯಿಂದ ಬಾಗಿಲಿಗೆ ಹತ್ತಲು ನಾವಿಕ ಕೈ ಚಾಚುವ ಮುಂಚೆಯೇ ಉಮ್ಮ ಹೆಜ್ಜೆ ಇಟ್ಟಿದ್ದರು.

ಅದು ಹಡಗಿನಲ್ಲಿ ಕೊನೆಯ ರಾತ್ರಿ. ಮೇಲ್ಗಡೆ ಗಾಳಿ ಜೋರಾಗಿತ್ತು. ಉಮ್ಮ ಸ್ಪಷ್ಟವಾಗಿ ಹೇಳಿದರು: "ನಾನು ಸಹಿ ಹಾಕುವುದಿಲ್ಲ. ನೀವಿಬ್ಬರೂ ಹಾಕಬೇಡಿ. ಮೊದಲು ನಿಮ್ಮ ಪಾಲು ನಿಮ್ಮ ಕೈಗೆ ಬರಲಿ. ಆಮೇಲೆ ಮನಸ್ಸಾರೆ ಅಣ್ಣನಿಗೆ ಕೊಟ್ಟರೆ ಅದು ಉಡುಗೊರೆ. ಕೈಗೆ ಬರುವ ಮುಂಚೆ ನಾಚಿಕೆಗೆ ಬಿಟ್ಟುಕೊಟ್ಟದ್ದು ಉಡುಗೊರೆಯಲ್ಲ."

"ಅಣ್ಣಂದಿರು ಕೋಪಿಸಿಕೊಂಡರೆ?" ಎಂದೆ.

"ಕೋಪಿಸಿಕೊಳ್ಳುತ್ತಾರೆ" ಎಂದರು ಉಮ್ಮ.

ಹಾಗೆಯೇ ಆಯಿತು. ಮನೆಯಲ್ಲಿ ಉಮ್ಮನೇ ಆ ಚೀಟಿ ಬಿಡಿಸಿ ಮೇಜಿನ ಮೇಲಿಟ್ಟರು. ದೊಡ್ಡಣ್ಣ ಬಹಳ ಹೊತ್ತು ಅದನ್ನು ನೋಡುತ್ತಾ ಕುಳಿತು, "ನನಗೆ ಗೊತ್ತಿಲ್ಲದ್ದೇನೂ ಇದರಲ್ಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ" ಎಂದರು. ಸಣ್ಣಣ್ಣ, "ಪ್ರವಾಸಕ್ಕೆ ಕರೆದೊಯ್ದು ಉಮ್ಮನ ತಲೆ ಕೆಡಿಸಿದೆ" ಎಂದು ನನಗೆ ಹೇಳಿ ಎದ್ದು ಹೋದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ನನ್ನಲ್ಲಿ ಮಾತಾಡಲಿಲ್ಲ. ಆ ದಿನಗಳಲ್ಲಿ ಎಷ್ಟೋ ರಾತ್ರಿ, ಸಹಿ ಹಾಕಿಬಿಟ್ಟಿದ್ದರೆ ಒಳ್ಳೆಯದಿತ್ತೇನೋ ಎಂದು ಅತ್ತದ್ದೂ ಇದೆ. ಇದನ್ನು ಮುಚ್ಚಿಟ್ಟು ಬರೆದರೆ ಓದುವ ಸಹೋದರಿಯರಿಗೆ ಮೋಸ ಮಾಡಿದಂತಾಗುತ್ತದೆ.

ಕೊನೆಗೆ ಪಾಲಾಯಿತು. ಬಾವಿಯ ಪಕ್ಕದ 6 ಸೆಂಟ್ಸ್ ಉಮ್ಮನ ಹೆಸರಿಗೆ ನೋಂದಣಿಯಾಯಿತು. ಅಲ್ಲಿ ಒಂದು ಕೋಣೆ, ಅಡುಗೆಮನೆ, ಮುಂದೊಂದು ಜಗಲಿ ಇರುವ ಪುಟ್ಟ ಮನೆ ಎದ್ದಿತು. ಖರ್ಚಿನಲ್ಲಿ ದೊಡ್ಡಣ್ಣನದೇ ದೊಡ್ಡ ಪಾಲು. ಅಕ್ಕ ತನ್ನ 7 ಸೆಂಟ್ಸಿನಲ್ಲಿ ದಾರಿಗೆ ಬೇಕಾದಷ್ಟನ್ನು ಸಣ್ಣಣ್ಣನಿಗೆ ಬಿಟ್ಟುಕೊಟ್ಟಳು. ಕೈಗೆ ಬಂದ ಮೇಲೆ, ಮನಸ್ಸಾರೆ.

ಆ ಮನೆಗೆ ಹೋದ ಮೊದಲ ವಾರ ಸಣ್ಣಣ್ಣನ ನೆನಪು ತೆಗೆದು ನಾನು ಬೇಸರಪಟ್ಟಾಗ ಉಮ್ಮ ಹೇಳಿದ್ದರು: "ಕೋಪ ಇಳಿದ ದಿನ ಬರುತ್ತಾನೆ. ಬಂದಾಗ ಕುಳ್ಳಿರಿಸಲು ಈಗ ನನಗೊಂದು ಮನೆಯಿದೆಯಲ್ಲ?"

ಸಣ್ಣಣ್ಣ ಬಂದದ್ದು ಒಂದು ಪೆರ್ನಾಳಿನ ಬೆಳಿಗ್ಗೆ. ಉಮ್ಮ ಏನೂ ಕೇಳದೆ ಜಗಲಿಯಲ್ಲಿ ಕುಳ್ಳಿರಿಸಿ, ಒಳಗಿನಿಂದ ಚಹಾ ತಂದುಕೊಟ್ಟರು.