ಅಮೃತಾಂಜನ ಹುಟ್ಟಿದ ಊರು

ತಲೆನೋವು ಬಂದಾಗ ನಮ್ಮ ಹಿರಿಯರು ಬಾಮ್ ಕೇಳುವುದಿಲ್ಲ, ಅಮೃತಾಂಜನ ಕೇಳುತ್ತಾರೆ. ಶೀಶೆಯ ಮೇಲೆ ಝಂಡು ಎಂದಿರಲಿ, ಇನ್ನೊಂದು ಇರಲಿ, ಅದು ಅಮೃತಾಂಜನವೇ. ಹೋಟೆಲ್ ಕೆಲಸಕ್ಕೆಂದು ಉಡುಪಿ, ಕುಂದಾಪುರದಿಂದ ಮುಂಬೈಗೆ ಬಂದು ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ನೆಲೆಸಿದವರ ಬಾಯಲ್ಲೂ ಇದೇ ಹೆಸರು. ಅದು ಹುಟ್ಟಿದ್ದೂ ಈ ಊರಿನಲ್ಲೇ.

ಕೃಷ್ಣಾ ಜಿಲ್ಲೆಯಿಂದ ಬಂದ ಕಾಶೀನಾಥುನಿ ನಾಗೇಶ್ವರರಾವ್ 1893ರಲ್ಲಿ ಬೊಂಬಾಯಿಯಲ್ಲಿ ಇದನ್ನು ಶುರುಮಾಡಿದರು. ಸಂಗೀತ ಕಚೇರಿಗಳಲ್ಲಿ ಪುಕ್ಕಟೆಯಾಗಿ ಹಂಚಿಯೇ ಜನರಿಗೆ ರುಚಿ ಹತ್ತಿಸಿದರಂತೆ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಮುಂದಿನ ಸಂಗತಿಯಿಂದ: ಬಾಮಿನಲ್ಲಿ ಬಂದ ದುಡ್ಡನ್ನು ಅವರು ‘ಆಂಧ್ರಪತ್ರಿಕೆ’ಗೆ ಸುರಿದರು. ಆ ತೆಲುಗು ವಾರಪತ್ರಿಕೆ ಮೊದಲು ಹೊರಟದ್ದು ಬೊಂಬಾಯಿಯಿಂದ. 1914ರಲ್ಲಿ ಮದರಾಸಿನಲ್ಲಿ ದಿನಪತ್ರಿಕೆಯಾಯಿತು. ಪರವೂರಿನಲ್ಲಿ ದುಡಿದು ತಾಯ್ನುಡಿಗೆ ಖರ್ಚುಮಾಡಿದ ಮನುಷ್ಯ. ಮುಂಬೈಯಲ್ಲಿ ಕನ್ನಡ ಸಂಘ, ರಾತ್ರಿಶಾಲೆ ಕಟ್ಟಿದ ನಮ್ಮವರಿಗೆ ಈ ಹಟ ಅರ್ಥವಾಗುತ್ತದೆ.

ಅಂಜನ ಎಂದರೆ ನಮಗೆ ಕಣ್ಣಿನ ಕಾಡಿಗೆ. ಕಳೆದ ಒಡವೆ ಹುಡುಕಲು ವೀಳ್ಯದೆಲೆಗೆ ಹಚ್ಚಿ ನೋಡುವುದೂ ಅಂಜನವೇ. ಮೂಲ ಧಾತುವಿಗಿರುವ ಅರ್ಥ ಬಳಿಯುವುದು, ಲೇಪಿಸುವುದು. ಬಾಮ್ ಎಂಬುದರ ದಾರಿ ಬೇರೆ. ಇಂಗ್ಲಿಷಿನಿಂದ ಹಿಂದಕ್ಕೆ ಹೋದರೆ ಫ್ರೆಂಚ್, ಲ್ಯಾಟಿನ್, ಗ್ರೀಕಿನ ‘ಬಾಲ್ಸಮೋನ್’; ಅದರಾಚೆ ಹೀಬ್ರೂವಿನಂಥ ಸೆಮಿಟಿಕ್ ಭಾಷೆಗಳು. ಅಲ್ಲಿ ಅದು ಸುಗಂಧ. ಅರಬರ ನಾಡಿನ ಕುರುಚಲು ಗಿಡದ ತೊಗಟೆ ಗೀರಿದರೆ ಒಸರುವ ಪರಿಮಳದ ಅಂಟು. ಮೊದಲು ಕಂಪು, ಸಾಂತ್ವನದ ಅರ್ಥ ಕೂಡಿಕೊಂಡದ್ದು ಆಮೇಲೆ.

ಅನುಭವದಲ್ಲೂ ಇದೇ ಕ್ರಮ. ಸಂಜೆಯ ವಿರಾರ್ ಫಾಸ್ಟ್ ಲೋಕಲ್ ರೈಲಿನಲ್ಲಿ ಯಾರೋ ಮುಚ್ಚಳ ತಿರುಗಿಸಿದರೆ ಸಾಕು, ಕರ್ಪೂರ, ನೀಲಗಿರಿ ಎಣ್ಣೆಯ ಘಾಟು ಬೆವರಿನ ವಾಸನೆಯನ್ನು ಸೀಳಿಕೊಂಡು ಬರುತ್ತದೆ. ಉಗುರಿನ ತುದಿಯಲ್ಲಿ ಒಂದಿಷ್ಟು ಕೆರೆದು ಕಣತಲೆಗೆ ತಿಕ್ಕುತ್ತಾರೆ. ಪಕ್ಕದವರು ಮಾತಿಲ್ಲದೆ ಬೆರಳು ಚಾಚುತ್ತಾರೆ, ಅವರಿಗೂ ಒಂದಿಷ್ಟು. ಹೆಸರು, ಜಾತಿ ಯಾರೂ ಕೇಳುವುದಿಲ್ಲ. ಮೆಂಥಾಲ್ ಹಣೆಯನ್ನು ನಿಜಕ್ಕೂ ತಣ್ಣಗೆ ಮಾಡುವುದಿಲ್ಲ. ತಂಪನ್ನು ಗುರುತಿಸುವ ನರವನ್ನು ಎಬ್ಬಿಸುತ್ತದೆ, ಅಷ್ಟೆ. ಆದರೆ ಹನ್ನೆರಡು ತಾಸು ನಿಂತು ದುಡಿದವರಿಗೆ ಆ ತಂಪು ಸುಳ್ಳಲ್ಲ.

ಮುಂಬೈ-ಪುಣೆ ದಾರಿಯ ಖಂಡಾಳಾ ಘಾಟಿಯಲ್ಲಿ 1830ರ ಕಲ್ಲಿನ ಸೇತುವೆಯೊಂದಿತ್ತು. ಈ ಬಾಮಿನ ಜಾಹೀರಾತು ಹಲಗೆಯಿಂದಾಗಿ ಅದಕ್ಕೆ ‘ಅಮೃತಾಂಜನ್ ಪೂಲ್’ ಎಂದೇ ಹೆಸರಾಯಿತು. 2020ರ ಏಪ್ರಿಲಿನಲ್ಲಿ, ಲಾಕ್‌ಡೌನಿನಲ್ಲಿ ಎಕ್ಸ್‌ಪ್ರೆಸ್‌ವೇ ಖಾಲಿಯಿದ್ದಾಗ, ಅದನ್ನು ಸಿಡಿಸಿ ಕೆಡವಿದರು. ಪುಣೆಯ ದಾರಿಯಲ್ಲಿ ಗಾಡಿಗಳು ಸಿಕ್ಕಿಹಾಕಿಕೊಂಡಾಗ ಚಾಲಕರು ಇಂದಿಗೂ ಹೇಳುವುದು ಅಮೃತಾಂಜನ್ ಪೂಲಿನ ಹತ್ತಿರ ಇದ್ದೇವೆ ಎಂದೇ.